ಮಂಗನ ಕಾಯಿಲೆ ಮತ್ತು ನರಮಂಡಲ: ಸಂಶೋಧನೆಯ ಇತಿಹಾಸ

ಮಂಗನ ಕಾಯಿಲೆ, ವೈದ್ಯರ ದಾಖಲೆಗಳಲ್ಲಿ ಕೆಎಫ್‌ಡಿ, ಉಣುಗಿನಿಂದ ಹರಡುವ ವೈರಸ್ ಜ್ವರ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಘಟ್ಟದ ಬುಡದ ಊರುಗಳಿಗೆ ಇದು ಹಳೆಯ ಪರಿಚಯ. ಮೂಗು, ವಸಡುಗಳಿಂದ ರಕ್ತ ಸುರಿಸುವ ಜ್ವರವೆಂದೇ ಇದು ಹೆಸರಾಗಿದೆ. ವೈರಸ್ ಮಾತ್ರ ಮಿದುಳುಜ್ವರ ತರುವ ಕುಲಕ್ಕೆ ಸೇರಿದ್ದು. ಸಂಶೋಧಕರನ್ನು ಬಹುಕಾಲ ಕಾಡಿದ್ದು ಈ ಎರಡು ಮುಖಗಳೇ.

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿದಾಗ ಮೊದಲು ಎದ್ದ ಅನುಮಾನ ಹಳದಿ ಜ್ವರದ್ದು. ಮಂಗ ಸತ್ತು ಮನುಷ್ಯನಿಗೆ ಜ್ವರ ಬರುವುದು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕಂಡ ಸಂಗತಿ. ಏಷ್ಯಾಕ್ಕೆ ಆ ರೋಗ ಎಂದೂ ಕಾಲಿಟ್ಟಿರಲಿಲ್ಲ. ಕೇಂದ್ರದ ನಿರ್ದೇಶಕ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ರೋಗಿಗಳ ರಕ್ತವನ್ನೂ ಸತ್ತ ಮಂಗಗಳ ಅಂಗಾಂಶವನ್ನೂ ಹಸುಳೆ ಇಲಿಗಳ ಮಿದುಳಿಗೆ ಚುಚ್ಚಿದರು. ಇಲಿಗಳು ಕಾಯಿಲೆ ಬಿದ್ದು ಸತ್ತವು. ಅವುಗಳ ಮಿದುಳನ್ನು ಅರೆದು ಪರೀಕ್ಷಿಸಿದಾಗ ಸಿಕ್ಕ ವೈರಸ್ ಹಳದಿ ಜ್ವರದ್ದಲ್ಲ. ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರದ ವೈರಸ್‌ಗೆ ಹತ್ತಿರದ ನಂಟಿನದು.

ಸೈಬೀರಿಯಾದ ನಂಟು ಮಲೆನಾಡಿಗೆ ಹೇಗೆ ಬಂತು? ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಬಳೆ ತೊಡಿಸುವ ಕೆಲಸವನ್ನು ವಿಸ್ತರಿಸಿದ್ದಕ್ಕೆ ಇದೂ ಒಂದು ಕಾರಣ. ಊಹೆ ರುಜುವಾತಾಗಲಿಲ್ಲ, ನಮ್ಮ ಹಕ್ಕಿಶಾಸ್ತ್ರಕ್ಕೆ ಮಾತ್ರ ಲಾಭವಾಯಿತು. ಕೊಲಂಬಿಯಾದ ಜಾರ್ಜ್ ಬೋಶೆಲ್ 1969ರಲ್ಲಿ ಮುಂದಿಟ್ಟ ವಿವರಣೆ ಹೆಚ್ಚು ನಿಂತಿತು: ಕಾಡು ಕಡಿದು ಗದ್ದೆ ಮಾಡಿ, ದನಗಳನ್ನು ಅದರಂಚಿಗೆ ಮೇಯಲು ಬಿಟ್ಟಾಗ ಉಣುಗು ಹೆಚ್ಚುತ್ತದೆ. ದೊಡ್ಡ ಉಣುಗಿಗೆ ದನ ಬೇಕು. ಎಳ್ಳಿನಷ್ಟಿರುವ ಮರಿಗೆ ಇಲಿ, ಮಂಗ, ಮನುಷ್ಯ ಯಾರಾದರೂ ಆದೀತು. ಆ ಮರಿಗಳು ಮುತ್ತುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಅಡಿಕೆ ತೋಟದವರು ಬೆಟ್ಟಕ್ಕೆ ಹೋಗಿ ಸೊಪ್ಪು ಕಡಿದು, ದರಕು ಗುಡಿಸಿ ತರುವ ಹೊತ್ತಿನಲ್ಲೇ.

ನರಮಂಡಲದ ಕಡೆಗೆ ಮೊದಲು ಸರಿಯಾಗಿ ಕಣ್ಣಿಟ್ಟವರು ಎಚ್. ಇ. ವೆಬ್ ಮತ್ತು ಆರ್. ಲಕ್ಷ್ಮಣ ರಾವ್. 1961ರ ಅವರ ವರದಿಯಲ್ಲಿ ಜ್ವರದ ಎರಡನೇ ಸುತ್ತಿನ ಚಿತ್ರವಿದೆ. ಮೊದಲ ಸುತ್ತಿನಲ್ಲಿ ತಡೆಯಲಾರದ ತಲೆನೋವು, ಮೈಕೈ ನೋವು, ವಾಂತಿ. ಜ್ವರ ಬಿಟ್ಟು ಒಂದೆರಡು ವಾರ ಕಳೆದು, ಇನ್ನು ಗುಣವಾಯಿತು ಎನ್ನುವಾಗ ಕೆಲವರಿಗೆ ಮತ್ತೆ ಜ್ವರ ಏರುತ್ತದೆ: ಕುತ್ತಿಗೆ ಸೆಟೆಯುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ, ಮಾತು ತಡವರಿಸಿ ಬುದ್ಧಿ ಕದಡುತ್ತದೆ. 1966ರಲ್ಲಿ ವೆಬ್ ಮತ್ತು ಬರ್ಸ್ಟನ್ ಮಂಗಗಳಿಗೆ ಸೋಂಕು ಹತ್ತಿಸಿ ನರಮಂಡಲವನ್ನು ವಿಶೇಷವಾಗಿ ಪರಿಶೀಲಿಸಿದರು. ಅದೇ ವರ್ಷ ವೆಬ್ ಸಂಗಡಿಗರೊಂದಿಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇನ್ನೊಂದು ಲೇಖನ ಪ್ರಕಟಿಸಿದರು. ರಕ್ತ ಕ್ಯಾನ್ಸರ್ ಮತ್ತಿತರ ಗಡ್ಡೆಗಳ 28 ರೋಗಿಗಳಿಗೆ, ಕ್ಯಾನ್ಸರ್ ಕುಗ್ಗೀತೆಂಬ ಆಸೆಯಿಂದ, ಕ್ಯಾಸನೂರಿನ ವೈರಸ್ಸನ್ನೋ ಅದರ ನಂಟಿನ ಲಂಗಾಟ್ ವೈರಸ್ಸನ್ನೋ ಕೊಟ್ಟ ಕಥೆ ಅದು. ಕೆಲವರಿಗೆ ಮಿದುಳುಜ್ವರ ಬಂತು. ಇಂದಿನ ಯಾವ ನೈತಿಕ ಸಮಿತಿಯೂ ಸುಲಭವಾಗಿ ಒಪ್ಪುವ ಪ್ರಯೋಗವಲ್ಲ.

ಪುಣೆಯ ನರತಜ್ಞ ಆರ್. ಎಸ್. ವಾಡಿಯಾ 1975ರಲ್ಲಿ ಈ ರೋಗದ ನರಸಂಬಂಧಿ ತೊಡಕುಗಳ ಬಗ್ಗೆಯೇ ಬರೆದರು. 1982-83ರಲ್ಲಿ ಬೆಳ್ತಂಗಡಿ ಕಡೆ ಹಬ್ಬಿದ ಮೇಲೆ ಕರಾವಳಿಯ ವೈದ್ಯರು ಕೂಡಿ 100 ರೋಗಿಗಳ ಅಧ್ಯಯನವನ್ನು 1993ರಲ್ಲಿ ಹೊರತಂದರು. ಉಣುಗು, ಮಂಗ, ಲಸಿಕೆಗಳ ಮೇಲೆ ನಡೆದ ಕೆಲಸದ ರಾಶಿಯ ಮುಂದೆ ಈ ಸಾಲು ಗಿಡ್ಡ. ಗುಣವಾದವರ ನೆನಪು, ನಿದ್ದೆ, ನಡುಕದ ದೀರ್ಘ ಲೆಕ್ಕ ಇಟ್ಟವರು ಕಡಿಮೆ.

ಈ ನಡುವೆ ರೋಗ ಸೊರಬ, ಸಾಗರಗಳಿಂದ ಆಚೆ ಹಬ್ಬಿತು. 1970-80ರ ದಶಕಗಳಲ್ಲಿ ಸಿದ್ದಾಪುರ, ಹೊನ್ನಾವರ, ಭಟ್ಕಳ, ಕುಮಟಾಗಳ ಹೆಸರು ವರದಿಗಳಲ್ಲಿ ಸೇರಿತು. ಶರಾವತಿ ಕಣಿವೆಯ ಮೇಲ್ತುದಿಯಲ್ಲಿ ಸಾಗರ, ಕೆಳಗೆ ಹೊನ್ನಾವರ. ಮಂಗಗಳಿಗೆ ತಾಲ್ಲೂಕಿನ ಗಡಿ ಇಲ್ಲ. ರಕ್ತದ ಮಾದರಿ ಗೇರುಸೊಪ್ಪೆ ಘಟ್ಟ ಹತ್ತಿ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಹೋಗಬೇಕು. ಜೋರಾದ ರೋಗಿ ಮಣಿಪಾಲದ ದಾರಿ ಹಿಡಿಯುತ್ತಾನೆ.

ಲಸಿಕೆಯ ಕಥೆಯೂ ಇಲಿಯ ಮಿದುಳಿನಿಂದಲೇ ಶುರು. ರಷ್ಯಾದ ಮಿದುಳುಜ್ವರಕ್ಕೆ ಇಲಿಯ ಮಿದುಳಿನಲ್ಲಿ ತಯಾರಿಸಿದ ಲಸಿಕೆಯನ್ನು 1950ರ ದಶಕದ ಕೊನೆಗೆ ಶಿವಮೊಗ್ಗದಲ್ಲಿ ಹಾಕಿ ನೋಡಿದರು, ಫಲ ಸಿಗಲಿಲ್ಲ. ಆಮೇಲೆ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಮತ್ತೆ ಬೂಸ್ಟರ್. ಚುಚ್ಚಿದ ತೋಳು ನೋಯುತ್ತಿದ್ದರಿಂದ ಎರಡನೆಯದಕ್ಕೇ ಅನೇಕರು ತಪ್ಪಿಸಿಕೊಳ್ಳುತ್ತಿದ್ದರು. 2005ರಿಂದ 2010ರ ಅವಧಿಯ ಅಧ್ಯಯನ ಎರಡು ಡೋಸ್‌ಗಳ ರಕ್ಷಣೆಯನ್ನು ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ಎಂದು ಲೆಕ್ಕಹಾಕಿತು. 2022ರಲ್ಲಿ ಆ ಲಸಿಕೆ ನಿಂತಿತು. ಹೊಸದೊಂದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜತೆ ರೂಪಿಸುತ್ತಿದೆ. ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ; ಸೊಪ್ಪಿಗೆ ಹೊರಟವರು ಕೈಕಾಲಿಗೆ ಆರೋಗ್ಯ ಇಲಾಖೆ ಕೊಟ್ಟ ಎಣ್ಣೆ ಸವರಿಕೊಂಡು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕೆಂಬುದೇ ಸದ್ಯದ ಸಲಹೆ.