ಕಾಲವನ್ನು ಬರೆದ ಗಡಿಯಾರ

ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿಯನ್ನು ನೋಡದೆ ಬರುವುದಿಲ್ಲ. ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದ ತಳಹದಿಯ ಮೇಲೆ ಎದ್ದ ಆ ಗುಡಿ ಕಣ್ಣಿಗೆ ಹಬ್ಬವೇ ಸರಿ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಆ ಊರಿನ ಇನ್ನೊಂದು ಸಂಪತ್ತು ಅಲ್ಲಿಯ ಬೌದ್ಧ ಶಾಸನ. ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರಕ್ಕೂ ತಾರಾದೇವಿಗೂ ಬಿಟ್ಟ ದತ್ತಿಯನ್ನು ಅದು ಹೇಳುತ್ತದೆ. ಚಾಲುಕ್ಯ ವಿಕ್ರಮ ವರ್ಷ 20, ಯುವ ಸಂವತ್ಸರ ಎಂದು ಅದರ ಕಾಲ, ಎಂದರೆ ಕ್ರಿ. ಶ. 1095-96. ಕನ್ನಡನಾಡಿನಲ್ಲಿ ಬೌದ್ಧಧರ್ಮ ಅಷ್ಟು ತಡವಾಗಿಯೂ ಜೀವಂತವಾಗಿತ್ತೆಂಬುದಕ್ಕೆ ಇದು ದೊಡ್ಡ ಸಾಕ್ಷಿ.

ಆ ಅಕ್ಷರಗಳು ಮಾಸಿವೆಯೆಂದು ಯಾರಾದರೂ ಭಕ್ತಿಯಿಂದಲೇ ಅವನ್ನು ಹೊಸದಾಗಿ ಕೊರೆಸಿದ್ದರೆ ಏನಾಗುತ್ತಿತ್ತು? ಕಲ್ಲು ಅಂದವಾಗುತ್ತಿತ್ತು, ಸಾಕ್ಷಿ ಸಾಯುತ್ತಿತ್ತು. ಈ ಮಾತನ್ನು ಇಲ್ಲಿ ತೆಗೆದದ್ದು ಶಾಸನಗಳ ಸಲುವಾಗಿ ಅಲ್ಲ, ಗಡಿಯಾರಗಳ ಸಲುವಾಗಿ.

‘ಗಡಿಯಾರ’ವೆಂಬ ಶಬ್ದ ‘ಘಟಿಕೆ’ಯ ಸಂತಾನ. ತಳದಲ್ಲಿ ಸಣ್ಣ ರಂಧ್ರವಿದ್ದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದಾಗ ಒಂದು ಗಳಿಗೆ ಕಳೆಯಿತೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ಅರವತ್ತು ವಿಗಳಿಗೆ. ಗಳಿಗೆಯೆಂದರೆ ಇಂದಿನ 24 ನಿಮಿಷ, ವಿಗಳಿಗೆಯೆಂದರೆ 24 ಸೆಕೆಂಡು. ‘ಈಗ ಎಷ್ಟು ಹೊತ್ತು?’ ಎಂಬುದು ಒಂದು ಪ್ರಶ್ನೆ. ‘ಇಲ್ಲಿಂದ ಅಲ್ಲಿಗೆ ಎಷ್ಟು ಹೊತ್ತಾಯಿತು?’ ಎಂಬುದು ಬೇರೊಂದು. ಬಟ್ಟಲು ಎರಡನೆಯದಕ್ಕೆ ಉತ್ತರ ಹೇಳುತ್ತಿತ್ತು. ಯುರೋಪಿನಲ್ಲಿ ಆ ಪ್ರಶ್ನೆಗೆಂದೇ ಹುಟ್ಟಿದ ಯಂತ್ರವೇ ಕ್ರೋನೊಗ್ರಾಫ್.

ಗ್ರೀಕ್ ಮೂಲದ ಈ ಹೆಸರಿಗೆ ‘ಕಾಲವನ್ನು ಬರೆಯುವುದು’ ಎಂದೇ ಅರ್ಥ. ಮೊದಮೊದಲು ಅದು ನಿಜವಾಗಿಯೂ ಬರೆಯುತ್ತಿತ್ತು. 1821ರಲ್ಲಿ ಪ್ಯಾರಿಸ್ಸಿನ ಕುದುರೆ ಪಂದ್ಯದಲ್ಲಿ ನಿಕೊಲಾ ರಿಯುಸೆಕ್ ಎಂಬ ಕುಶಲಿ ತನ್ನ ಯಂತ್ರವನ್ನು ಪ್ರಯೋಗಿಸಿದನು. ಕುದುರೆ ಗುರಿ ಮುಟ್ಟಿದ ಕ್ಷಣ ಗುಂಡಿಯನ್ನೊತ್ತಿದರೆ, ತಿರುಗುವ ಬಿಲ್ಲೆಯ ಮೇಲೆ ಮಸಿಯ ಚುಕ್ಕೆ ಬೀಳುತ್ತಿತ್ತು. ಈ ವರ್ಗದ ಗಡಿಯಾರಗಳ ಜನಕ ಅವನೇ ಎಂದು ಸುಮಾರು ಎರಡು ಶತಮಾನ ಎಲ್ಲರೂ ನಂಬಿದ್ದರು.

ಈ ನಂಬಿಕೆಯನ್ನು ಕೆಡವಿದ್ದು ಒಂದು ಹರಾಜು. 2012ರಲ್ಲಿ ಜಿನೀವಾದಲ್ಲಿ ಮಾರಾಟಕ್ಕೆ ಬಂದ ಒಂದು ಜೇಬುಗಡಿಯಾರವು ಲೂಯಿ ಮೊನೆ ಎಂಬಾತ ಖಗೋಳವೀಕ್ಷಣೆಗಾಗಿ 1815-16ರಲ್ಲಿ ಮಾಡಿಕೊಂಡದ್ದೆಂದು ಸಿದ್ಧವಾಯಿತು. ಮರುವರ್ಷ ಲೋಕಕ್ಕೆ ಸುದ್ದಿ ತಿಳಿಯಿತು. ಸೆಕೆಂಡಿನ ಅರವತ್ತನೆಯ ಒಂದು ಪಾಲನ್ನು ಅಳೆಯುವಂತೆ ಅದರೊಳಗಿನ ಚಕ್ರ ಗಂಟೆಗೆ 2,16,000 ಸಾರಿ ಅಲುಗುತ್ತದೆ. ಕ್ರೋನೊಗ್ರಾಫಿನ ಹುಟ್ಟು ಐದು ವರ್ಷ ಹಿಂದಕ್ಕೆ ಸರಿಯಿತು. ಹಳೆಯ ಗಡಿಯಾರವನ್ನು ಕೊಳ್ಳುವ ಮಾರುವ ಕೆಲಸ ಸಿರಿವಂತರ ಚಟ ಮಾತ್ರವೆಂದು ತಳ್ಳಿಹಾಕುವವರು ಇದನ್ನು ನೆನೆಯಬೇಕು. ಯಾರೂ ತಿದ್ದದೆ ಉಳಿಸಿದ್ದರಿಂದಲೇ ಆ ವಸ್ತು ಚರಿತ್ರೆಯನ್ನು ತಿದ್ದಿತು.

ಮುಂದಿನ ಕಥೆ ಬೇಗ ಹೇಳಬಹುದು. ಮುಳ್ಳನ್ನು ಒಂದೇ ಒತ್ತಿಗೆ ಸೊನ್ನೆಗೆ ತರುವ ಹೃದಯಾಕಾರದ ಬಿಲ್ಲೆಯನ್ನು ಅಡಾಲ್ಫ್ ನಿಕೋಲ್ 1844ರಲ್ಲಿ ರೂಪಿಸಿದನು. 1913ರಲ್ಲಿ ಲಾಂಜೀನ್ ಕಂಪನಿ ಕೈಗೆ ಕಟ್ಟುವ ಕ್ರೋನೊಗ್ರಾಫಿಗೆಂದೇ ಒಂದು ಯಂತ್ರವನ್ನು ತಯಾರಿಸಿತು. ಆಗ ಹೊರಡಿಸಲು, ನಿಲ್ಲಿಸಲು, ಸೊನ್ನೆಗೆ ತರಲು ಒಂದೇ ಗುಂಡಿ. 1934ರಲ್ಲಿ ಬ್ರೈಟ್ಲಿಂಗ್ ಎರಡನೆಯ ಗುಂಡಿಯನ್ನು ತಂದಿತು. 1969ರಲ್ಲಿ ಕೀಲಿ ಕೊಡಬೇಕಿಲ್ಲದ ಕ್ರೋನೊಗ್ರಾಫುಗಳು ಬಂದವು. ಅದೇ ವರ್ಷದ ಕೊನೆಗೆ ಜಪಾನಿನಿಂದ ಕ್ವಾರ್ಟ್ಸ್ ಕೈಗಡಿಯಾರವೂ ಬಂದು ಹಳೆಯ ಕುಶಲಕಲೆಯ ಬುಡವನ್ನೇ ಅಲುಗಿಸಿತು. ಆದುದರಿಂದ ಮೊದಲ ಕಾಲದ ಒಂಟಿಗುಂಡಿಯ ಕೈಗಡಿಯಾರಗಳು ಅಪರೂಪ; ಅಪರೂಪವಾದುದರಿಂದ ಬೆಲೆ. ಕೀರ್ತಿ ಸೇರಿದರೆ ಬೆಲೆಗೆ ಮಿತಿಯೇ ಇಲ್ಲ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಕ್ರೋನೊಗ್ರಾಫ್ 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು.

ಈ ಪೇಟೆಯಲ್ಲಿ ನಮ್ಮ ದೇಶದ ಹೆಸರು ಅಷ್ಟೊಂದು ಹೊಳಪಿನದಲ್ಲ. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಬಿಗಿಯಿದ್ದ ದಶಕಗಳಲ್ಲಿ ಸ್ವಿಸ್ ಬಿಡಿಭಾಗಗಳು ದುರ್ಲಭವಾದವು. ಗಡಿಯಾರ ರಿಪೇರಿಯವನು ಏನು ಮಾಡಿಯಾನು? ಸತ್ತ ಗಡಿಯಾರದ ಚಕ್ರವನ್ನು ತೆಗೆದು ಬದುಕುವ ಗಡಿಯಾರಕ್ಕೆ ಹಾಕಿದನು; ಮುಖ ಮಾಸಿದ್ದರೆ ಬಣ್ಣ ಬಳಿದು ಅಂಕಿ ಬರೆದುಕೊಟ್ಟನು. ಅದರಲ್ಲಿ ಮೋಸವಿರಲಿಲ್ಲ. ಗಿರಾಕಿಗೆ ಬೇಕಾದದ್ದು ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋಗುವುದು. ಆದರೆ ಹಳೆಯದಕ್ಕೆ ಹೊರದೇಶಗಳಲ್ಲಿ ಬೆಲೆ ಬಂದಾಗ ಅದೇ ಕೈಚಳಕ ವ್ಯಾಪಾರವಾಯಿತು. ಕಾರ್ಖಾನೆಯೆಂದೂ ಕಾಣದ ಕೆಂಪು, ಹಸಿರು, ನೀಲಿ ಮುಖಗಳನ್ನು ತೊಟ್ಟು ಹಳೆಯ ಗಡಿಯಾರಗಳು ‘ಅಸಲು’ ಎಂದು ಹಡಗು ಹತ್ತಿದವು. ಇಂದು ಸಂಗ್ರಾಹಕರ ಪರಿಭಾಷೆಯಲ್ಲಿ ಅಂಥವಕ್ಕೆ ಮುಂಬಯಿಯ ಹೆಸರೇ ಅಂಟಿಕೊಂಡಿದೆ.

ನಮ್ಮದೇ ಎಚ್.ಎಂ.ಟಿ.ಗೂ ಈ ಗತಿ ತಪ್ಪಲಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕೈಗಡಿಯಾರ ಕಾರ್ಖಾನೆಯ ಮೊದಲ ಕಂತನ್ನು ನೆಹರೂ ಅವರು ಬಿಡುಗಡೆ ಮಾಡಿದರು. ‘ಜನತಾ’ ಎಂಬುದು ಕ್ರೋನೊಗ್ರಾಫ್ ಅಲ್ಲ. ಹೊತ್ತು ತೋರಿಸುವ ಸಾದಾ ಗಡಿಯಾರ. ಆದರೂ ಮೇಷ್ಟರು, ಗುಮಾಸ್ತರು, ಮದುವೆಯ ಅಳಿಯಂದಿರು ಕಟ್ಟಿದ ಗಡಿಯಾರ ಅದು. 2014ರಲ್ಲಿ ಮುಚ್ಚುವ ಸುದ್ದಿ ಹಬ್ಬಿದಾಗ ಜನ ಕೊಳ್ಳಲು ಮುಗಿಬಿದ್ದರು. 2016ರಲ್ಲಿ ಸರ್ಕಾರ ಮುಚ್ಚುವ ನಿರ್ಧಾರವನ್ನೇ ಕೈಗೊಂಡಿತು. ಸಂಗ್ರಾಹಕರು ಬಂದರು, ಅವರ ಬೆನ್ನಿಗೇ ಬಣ್ಣ ಬಳಿದ ‘ಜನತಾ’ಗಳೂ ಬಂದವು.

ಹಾಗಾದರೆ ಕೊಳ್ಳುವವನು ಏನು ನೋಡಬೇಕು? ಹಸ್ತಪ್ರತಿಯನ್ನು ಪರಿಶೀಲಿಸುವವನು ನೋಡುವುದನ್ನೇ. ಮಸೂರದ ಕೆಳಗೆ ಅಂಕಿಯ ಅಂಚು ಚೊಕ್ಕವಾಗಿದೆಯೇ, ಕೈಬರಹದಂತೆ ಅಂಕುಡೊಂಕಾಗಿದೆಯೇ? ಯಂತ್ರದ ಮೇಲಿನ ಸಂಖ್ಯೆಗೂ ಕವಚದ ಕಾಲಕ್ಕೂ ಹೊಂದಿಕೆಯುಂಟೇ? ಲಾಂಜೀನಿನಂಥ ಕೆಲವು ಕಂಪನಿಗಳು ಹಳೆಯ ದಫ್ತರಗಳನ್ನು ಕಾಪಾಡಿಕೊಂಡು ಬಂದಿವೆ. ಸಂಖ್ಯೆಯನ್ನು ತಿಳಿಸಿದರೆ, ಆ ಗಡಿಯಾರ ಯಾವಾಗ ಯಾರಿಗೆ ಹೋಯಿತೆಂದು ಹುಡುಕಿ ಹೇಳುತ್ತವೆ. ಕನ್ನಡದ ವಿದ್ಯಾರ್ಥಿಗೆ ಇದು ಹೊಸ ವಿದ್ಯೆಯಲ್ಲ. ಲಿಪಿಕಾರನ ತಿದ್ದುಪಡಿ ಎಷ್ಟೇ ಸೊಗಸಾಗಿರಲಿ, ಅದನ್ನು ಕವಿಯ ಪಾಠವೆಂದು ಒಪ್ಪಲಾಗದು.

ಮಾರುವವನ ಧರ್ಮ ಇನ್ನೂ ಸರಳ. ಬಣ್ಣ ಬಳಿದಿದ್ದರೆ ಬಳಿದಿದೆಯೆಂದು, ಚಕ್ರ ಬದಲಾಗಿದ್ದರೆ ಬದಲಾಗಿದೆಯೆಂದು ಹೇಳುವುದು. ಹಾಗೆ ಹೇಳಿದ ಮಾತ್ರಕ್ಕೆ ಆ ಗಡಿಯಾರ ಬೆಲೆಗೆಡುವುದಿಲ್ಲ. ಒಂದು ಬಡದೇಶದ ಕುಶಲಿ ಯಂತ್ರವನ್ನು ಹೇಗೆ ಬದುಕಿಸಿದನೆಂಬ ಪ್ರಾಮಾಣಿಕ ದಾಖಲೆಯಾಗುತ್ತದೆ. ಹೇಳದೆ ಮಾರಿದರೆ ಕೊಂಡವನ ಹಣವೊಂದೇ ಅಲ್ಲ, ಗಡಿಯಾರದ ಸಾಕ್ಷ್ಯವೂ ಹೋಗುತ್ತದೆ. ಹಣವನ್ನು ಮರಳಿ ಗಳಿಸಬಹುದು.

ಇದನ್ನೋದುವ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಅಜ್ಜನ ಗಡಿಯಾರವೊಂದು ನಿಂತು ಮಲಗಿರಬಹುದು. ಅದರ ಮುಖ ಹಳದಿಗಟ್ಟಿದ್ದರೆ ಹಾಗೆಯೇ ಇರಲಿ. ಯಾರು, ಯಾವ ವರ್ಷ, ಎಲ್ಲಿ ಕೊಂಡರೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ ಸಾಕು. ಡಂಬಳದ ಸೆಟ್ಟಿಗಳು ಕಲ್ಲಿನ ಮೇಲೆ ಬರೆಸಿಟ್ಟದ್ದೂ ಅಷ್ಟನ್ನೇ.