ಹನ್ನೆರಡಾಣೆಯ ಸವಾರರು

ದಸರಾ ಗೊಂಬೆಗಳ ಸಾಲಿನಲ್ಲಿ ಸಿಪಾಯಿ, ಬ್ಯಾಂಡಿನವರನ್ನು ನಿಲ್ಲಿಸುವುದು ನಮಗೇನೂ ಹೊಸದಲ್ಲ. ಹಬ್ಬ ಮುಗಿದರೆ ಅವು ಮತ್ತೆ ಪೆಟ್ಟಿಗೆ ಸೇರುತ್ತವೆ, ಅಷ್ಟೆ. ಆದರೆ ಎರಡು ಅಂಗುಲದ ಸೀಸದ ಸಿಪಾಯಿಗಳಿಗಾಗಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಹರಾಜುಗಳೇ ನಡೆಯುತ್ತವೆ. ಅಲ್ಲಿ ಹೆಚ್ಚು ಕೇಳಿಬರುವ ಹೆಸರು ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿಯದು. ಅದರ ಬೊಂಬೆಗಳಲ್ಲಿ ನಮ್ಮ ದೇಶದ ಸವಾರರೂ ಇದ್ದಾರೆ.

ಮೊದಲು ಈ ವ್ಯಾಪಾರ ಜರ್ಮನರ ಕೈಯಲ್ಲಿತ್ತು. ಅವರ ಬೊಂಬೆಗಳು ಗಟ್ಟಿ ಲೋಹದವು. ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. 1893ರಲ್ಲಿ ಬ್ರಿಟನ್ ಮನೆತನದ ಕಿರಿಯ ವಿಲಿಯಂ ಒಂದು ಉಪಾಯ ಹುಡುಕಿದ. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿಯುವುದು. ಅಚ್ಚಿಗೆ ತಗುಲಿದ ಹೊರಪದರ ಗಟ್ಟಿಯಾಗುತ್ತಲೇ ಒಳಗಿನ ದ್ರವವನ್ನು ಹೊರಕ್ಕೆ ಬಗ್ಗಿಸಿಬಿಡುವುದು. ಬೊಂಬೆ ಒಳಗೆ ಪೊಳ್ಳು, ಹೊರಗೆ ನೋಡಿದರೆ ಅದೇ ಸಿಪಾಯಿ! ಲೋಹವೂ ಉಳಿಯಿತು, ಸಾಗಣೆ ವೆಚ್ಚವೂ ಉಳಿಯಿತು. ಎಂಕಾಂ ಓದಿದ ನನ್ನಂಥವನಿಗೆ ಇದು ಕಾಸ್ಟಿಂಗ್ ಪಾಠದಂತೆಯೇ ಕಾಣುತ್ತದೆ. ಐದು ಸವಾರರು ಅಥವಾ ಎಂಟು ಕಾಲಾಳುಗಳಿದ್ದ ಪೆಟ್ಟಿಗೆಗೆ ಒಂದು ಶಿಲಿಂಗ್. ಮುಂದೆ ನಮ್ಮ ರೂಪಾಯಿ 1 ಶಿಲಿಂಗ್ 4 ಪೆನ್ಸಿಗೆ ನಿಂತಾಗಿನ ಲೆಕ್ಕದಲ್ಲಿ ಬರೀ ಹನ್ನೆರಡಾಣೆ.

ಬಂಗಾಳ, ಬೊಂಬಾಯಿ, ಮದರಾಸು, ಈ ಮೂರೂ ಸೇನೆಗಳ ಕುದುರೆ ಪಡೆಗಳನ್ನು ಕಂಪನಿ ಬೊಂಬೆಯಾಗಿಸಿತು. ಅವುಗಳಲ್ಲಿ ಹಳದಿ ಕೋಟಿನ ಸ್ಕಿನ್ನರ್ಸ್ ಹಾರ್ಸ್ ಎದ್ದು ಕಾಣುತ್ತದೆ. 1803ರಲ್ಲಿ ಅದನ್ನು ಕಟ್ಟಿದ ಜೇಮ್ಸ್ ಸ್ಕಿನ್ನರನ ತಂದೆ ಸ್ಕಾಟ್ಲೆಂಡಿನವನು, ತಾಯಿ ರಜಪೂತಳು. ದೆಹಲಿಯ ಕಾಶ್ಮೀರಿ ಗೇಟಿನ ಬಳಿ ಅವನು ಕಟ್ಟಿಸಿದ ಚರ್ಚು ಈಗಲೂ ಇದೆ. ಅವನ ರೆಜಿಮೆಂಟೂ ಇದೆ, ಕುದುರೆ ಬಿಟ್ಟು ಟ್ಯಾಂಕು ಏರಿದೆ.

ಸಂಗ್ರಾಹಕರು ನೋಡುವುದು ಮೂಲ ಬಣ್ಣ ಉಳಿದಿದೆಯೇ, ಕೆಂಪು ಪೆಟ್ಟಿಗೆ ಜೊತೆಗಿದೆಯೇ ಎಂದು. ರುಮಾಲಿನ ಬಣ್ಣ ತಪ್ಪಿದರೆ ಬೆಲೆ ಬಿತ್ತು. ಸರಿಯೇ. ಆದರೆ ಆ ರುಮಾಲಿನ ಕೆಳಗಿದ್ದ ಮನುಷ್ಯನ ಖಾತೆಯನ್ನೂ ಒಮ್ಮೆ ತೆರೆದು ನೋಡಬೇಡವೆ?

ಅಂದಿನ ಬಹುಪಾಲು ದೇಶೀ ಕುದುರೆ ಪಡೆಗಳಲ್ಲಿ ಸಿಲ್ಲೇದಾರಿ ಪದ್ಧತಿಯಿತ್ತು. ಪಡೆಗೆ ಸೇರುವ ರೈತನ ಮಗ ಮೊದಲು 'ಅಸಾಮಿ' ಎಂಬ ಠೇವಣಿ ಕಟ್ಟಬೇಕು, ಇಲ್ಲವೆ ತನ್ನದೇ ಕುದುರೆ ತರಬೇಕು. ಬಂದೂಕು, ಮದ್ದುಗುಂಡು ಸರ್ಕಾರದ್ದು. ಕುದುರೆಯ ಮೇವು, ಜೀನು, ಬಟ್ಟೆಬರೆ ಎಲ್ಲವೂ ಅವನ ಸಂಬಳದಿಂದಲೇ. ಪಡೆ ಬಿಡುವಾಗ ಠೇವಣಿ ವಾಪಸು. ಅಂದರೆ ಸಾಮ್ರಾಜ್ಯದ ಯುದ್ಧಕ್ಕೆ ಸಿಪಾಯಿ ಪ್ರಾಣದ ಜೊತೆ ಬಂಡವಾಳವನ್ನೂ ಹಾಕುತ್ತಿದ್ದ! ಮೊದಲ ಮಹಾಯುದ್ಧದಷ್ಟು ದೊಡ್ಡ ಯುದ್ಧಕ್ಕೆ ಈ ಲೆಕ್ಕ ತಾಳಲಿಲ್ಲ. ಯುದ್ಧ ಮುಗಿದ ಮೇಲೆ ಪದ್ಧತಿ ರದ್ದಾಯಿತು.

ನಮ್ಮ ಮೈಸೂರಿಗೂ ಸಿಲ್ಲೇದಾರ್ ಕುದುರೆ ಪಡೆಯಿತ್ತು. ಮೈಸೂರು ಲ್ಯಾನ್ಸರ್ಸ್ ಬೆಳೆದದ್ದು ಅದರಿಂದಲೇ. 1918ರ ಸೆಪ್ಟೆಂಬರ್ 23ರಂದು ಅವರು ಜೋಧಪುರದವರ ಜೊತೆ ಸೇರಿ, ಮೆಷಿನ್ ಗನ್ನುಗಳಿಗೆ ಎದುರಾಗಿ ಈಟಿ ಹಿಡಿದು ಕುದುರೆ ನುಗ್ಗಿಸಿ ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಯೋಧರು ಜೋಧಪುರ, ಹೈದರಾಬಾದು, ಮೈಸೂರುಗಳ ಪ್ರತಿನಿಧಿಗಳು. ಊರುಬಿಟ್ಟು ಬಂದ ನಮ್ಮವರು ಬಸ್ಸಿನಲ್ಲಿ ದಿನವೂ ಆ ವೃತ್ತ ಸುತ್ತುತ್ತಾರೆ. ಅಲ್ಲೊಬ್ಬ ನಮ್ಮೂರಿನವನು ನಿಂತಿದ್ದಾನೆ ಅಂತ ಎಷ್ಟು ಜನಕ್ಕೆ ಗೊತ್ತೋ! 2018ರಲ್ಲಿ ವೃತ್ತದ ಹೆಸರಿಗೆ ಹೈಫಾ ಸೇರಿದಾಗ ತುಸು ಸುದ್ದಿಯಾಯಿತು.

ಆ ಯುದ್ಧದ ನಂತರ ಬ್ರಿಟನ್ ಕಂಪನಿಯೂ ಬದಲಾಯಿತು. ಜನಕ್ಕೆ ಸಿಪಾಯಿಗಳು ಸಾಕಾಗಿದ್ದರು. 1920ರ ದಶಕದಲ್ಲಿ ಅದು ಹಸು, ಕುರಿ, ರೈತರ ಬೊಂಬೆಗಳನ್ನು ಮಾರಿತು. ಸೀಸ ವಿಷವೆಂಬ ಅರಿವು, ಪ್ಲಾಸ್ಟಿಕ್ಕಿನ ಪೈಪೋಟಿ ಎರಡೂ ಸೇರಿ 1966ರಲ್ಲಿ ಪೊಳ್ಳು ಸೀಸದ ಬೊಂಬೆಗಳ ತಯಾರಿಕೆ ನಿಂತಿತು.

ಉಳಿದವು ಈಗ ಗಾಜಿನ ಕಪಾಟುಗಳಲ್ಲಿವೆ. ಸಂಗ್ರಾಹಕರ ಪಟ್ಟಿಯಲ್ಲಿ ರೆಜಿಮೆಂಟು, ವರ್ಷ, ಬಣ್ಣ ಎಲ್ಲವೂ ಇರುತ್ತದೆ. ಸವಾರ ಯಾವ ಊರಿನವನು, ಠೇವಣಿಗೆ ಯಾರಲ್ಲಿ ಸಾಲ ಮಾಡಿದ, ಅದು ತೀರಿತೋ ಇಲ್ಲವೋ, ಆ ಕಾಲಂ ಮಾತ್ರ ಖಾಲಿ.