ಯುದ್ಧೋತ್ತರ ಬ್ರಿಟನ್ನಿನಲ್ಲಿ ಹದಿಹರೆಯದವರ ಉಡುಪು ಮತ್ತು ಹೆತ್ತವರ ಅಧಿಕಾರ

ಹದಿಹರೆಯದ ಮಕ್ಕಳ ಉಡುಪಿನ ಬಗೆಗೆ ಹೆತ್ತವರು ಎತ್ತುವ ಆಕ್ಷೇಪವನ್ನು ಸಾಮಾನ್ಯವಾಗಿ ಮಾನಮರ್ಯಾದೆಯ ಪ್ರಶ್ನೆಯೆಂದೇ ಪರಿಗಣಿಸಲಾಗುತ್ತದೆ. ಎರಡನೆಯ ಮಹಾಯುದ್ಧಾನಂತರದ ಬ್ರಿಟನ್ನಿನ ಶ್ರಮಿಕ ಕುಟುಂಬಗಳ ಇತಿಹಾಸವು ಅದರ ಹಿಂದೆ ಗಳಿಕೆಯ ಒಡೆತನದ ಪ್ರಶ್ನೆಯೂ ಅಡಗಿದ್ದುದನ್ನು ತೋರಿಸುತ್ತದೆ.

1941ರ ಜೂನ್ 1ರಂದು ಅಲ್ಲಿ ಬಟ್ಟೆಯ ಪಡಿತರ ಜಾರಿಗೆ ಬಂದಿತು. ಮೊದಲ ವರ್ಷ ವಯಸ್ಕರಿಗೆ ದೊರೆತವು 66 ಕೂಪನ್ನುಗಳು ಮಾತ್ರ. 1949ರ ಮಾರ್ಚ್‌ವರೆಗೆ ಮುಂದುವರಿದ ಈ ಅವಧಿಯಲ್ಲಿ ಹಳೆಯ ಕೋಟನ್ನು ಬಿಚ್ಚಿ ಮಕ್ಕಳಿಗೆ ಹೊಲಿದುಕೊಡುವುದು ಗೃಹಕೃತ್ಯದ ಭಾಗವಾಗಿತ್ತು. ದುಡಿಯುವ ಮಕ್ಕಳು ವಾರದ ಕೂಲಿಯನ್ನು ತಾಯಿಯ ಕೈಗಿತ್ತು, ಕೈಖರ್ಚಿಗಷ್ಟೇ ಮರಳಿ ಪಡೆಯುವ ರೂಢಿಯೂ ಇದ್ದಿತು. ಹೀಗಾಗಿ ಉಡುಪಿನ ಆಯ್ಕೆ ಬಹುಮಟ್ಟಿಗೆ ತಾಯಿಯದೇ ಆಗಿದ್ದಿತು.

1947ರಲ್ಲಿ ಶಾಲೆ ಬಿಡುವ ಕನಿಷ್ಠ ವಯಸ್ಸನ್ನು 15ಕ್ಕೆ ಏರಿಸಲಾಯಿತು. 1950ರ ದಶಕದಲ್ಲಿ ಉದ್ಯೋಗಗಳು ಹೆಚ್ಚಿದಂತೆ, ಆ ವಯಸ್ಸಿಗೆ ದುಡಿಮೆಗಿಳಿದವರಲ್ಲಿ ಊಟ-ವಸತಿಯ ಹಣವನ್ನಷ್ಟೇ ಮನೆಗೆ ಕೊಟ್ಟು ಉಳಿದುದನ್ನು ತಾವೇ ಇಟ್ಟುಕೊಳ್ಳುವ ಪದ್ಧತಿ ಹರಡಿತು. 1953ರಲ್ಲಿ ಪತ್ರಿಕೆಗಳು 'ಟೆಡ್ಡಿ ಬಾಯ್'ಗಳೆಂದು ಕರೆದ ತರುಣರು ಹಲವೊಮ್ಮೆ ಕಂತಿನ ಮೇಲೆ ಹೊಲಿಸಿಕೊಂಡ ನೀಳವಾದ ಕೋಟುಗಳಿಗೆ ಈ ಉಳಿಕೆಯೇ ಆಧಾರ. ಎಡ್ವರ್ಡ್ ದೊರೆಯ ಕಾಲದ ಸಿರಿವಂತರನ್ನು ನೆನಪಿಸುವ ಆ ವೇಷ ಹಿರಿಯರ ಕಣ್ಣಿಗೆ ಪುಂಡತನದ ಗುರುತಾಯಿತು. ಮೇರಿ ಕ್ವಾಂಟ್ 1955ರಲ್ಲಿ ಲಂಡನ್ನಿನ ಕಿಂಗ್ಸ್ ರಸ್ತೆಯಲ್ಲಿ 'ಬಜಾರ್' ಅಂಗಡಿಯನ್ನು ತೆರೆದರು. 1960ರ ದಶಕದ ಮಿನಿ ಸ್ಕರ್ಟ್ ಈ ವಿವಾದವನ್ನು ಹೆಣ್ಣುಮಕ್ಕಳತ್ತ ತಿರುಗಿಸಿತು.

ಪ್ರಾಪ್ತವಯಸ್ಸನ್ನು 21ರಿಂದ 18ಕ್ಕಿಳಿಸಿದ ಕಾಯಿದೆ ಜಾರಿಯಾದುದು 1970ರ ಜನವರಿ 1ರಂದು. ಉಡುಪಿನ ಮಟ್ಟಿಗೆ ಆ ಸ್ವಾತಂತ್ರ್ಯವನ್ನು ಕೂಲಿಯ ಲಕೋಟೆ ಮೊದಲೇ ತಂದುಕೊಟ್ಟಿತ್ತು. ಹೆತ್ತವರಿಗೆ ಆಕ್ಷೇಪಿಸುವ ಹಕ್ಕು ಉಳಿಯಿತು. ತಡೆಯುವ ಶಕ್ತಿ ಕುಂದಿತು.